ಅಜ್ಜಿಯ ಗಂಟಲು, ನಿನ್ನ ಅಣು

ಪುತ್ತೂರು

ಪ್ರೀತಿಯ ಪುಳ್ಳೀ,

ನಿನ್ನ ಫೋನು ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಥೈರಾಯ್ಡಿನ ಕೆಟ್ಟ ಜಾತಿಯ ಕ್ಯಾನ್ಸರಿಗೆ ಸಣ್ಣ ಅಣುಗಳ ಔಷಧ ಹುಡುಕುವ ಲ್ಯಾಬು ಸೇರಿದೆ ಎಂದೆಯಲ್ಲ, ಆಗ ನನಗೆ ಮಾತೇ ಹೊರಡಲಿಲ್ಲ. ಹೇಳಬೇಕಾದ್ದನ್ನು ಬರೆಯುತ್ತಿದ್ದೇನೆ.

ನಿನ್ನ ಅಜ್ಜಿ, ನನ್ನ ಅಕ್ಕ, ಹೋದದ್ದು ಅದೇ ಕಾಯಿಲೆಯಲ್ಲಿ. 1994ರ ಆಟಿ ತಿಂಗಳು. ಅಕ್ಕನ ಊರು ಕಡಬ ಆಗ ಪುತ್ತೂರು ತಾಲೂಕಿಗೇ ಸೇರಿತ್ತು. ಕರಿಮಣಿ ಸರ ಒಂದು ಬದಿಗೆ ವಾಲುತ್ತದೆ ಎಂದು ಅಕ್ಕನೇ ಮೊದಲು ಕಂಡುಕೊಂಡಳು. ಎರಡು ವಾರದಲ್ಲಿ ಗಡ್ಡೆ ನಿಂಬೆಹಣ್ಣಿನಷ್ಟಾಯಿತು, ಸ್ವರ ಒಡೆಯಿತು. ಮಂಗಳೂರಿಗೆ ಹೊರಟ ದಿನ ಹೊಸಮಠದ ಹಳೇ ಸೇತುವೆಯ ಮೇಲೆ ಹೊಳೆ ಹರಿಯುತ್ತಿತ್ತು. ನೀರು ಇಳಿಯಲಿ ಎಂದು ಜೀಪಿನಲ್ಲೇ ಕಾದೆವು. ಅಕ್ಕ ಫ್ಲಾಸ್ಕಿನ ಗಂಜಿತೆಳಿಯನ್ನು ಚಮಚದಲ್ಲಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನುಂಗಲು ನೋಡುತ್ತಿದ್ದಳು. ಅರ್ಧ ಹಾಗೆಯೇ ಹೊರಗೆ ಬರುತ್ತಿತ್ತು. ಸೆರಗಿನಲ್ಲಿ ಒರೆಸಿಕೊಂಡು ಮತ್ತೊಂದು ಚಮಚ. ಬಯಾಪ್ಸಿಯಲ್ಲಿ ಅನಾಪ್ಲಾಸ್ಟಿಕ್ ಎಂದು ಬಂತು. ಚೌತಿಗೆ ಅಕ್ಕ ಇರಲಿಲ್ಲ.

ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಮಾತು ಕೇಳುವಂಥವು. ಶಸ್ತ್ರಕ್ರಿಯೆಯಾದ ಮೇಲೆ ವಿಕಿರಣ ಸೂಸುವ ಅಯೋಡಿನ್ ಕೊಟ್ಟರೆ, ಉಳಿದ ಕೋಶಗಳು ಅಭ್ಯಾಸಬಲದಿಂದ ಅದನ್ನು ಹೀರಿಕೊಂಡು ಸಾಯುತ್ತವೆ. ಅನಾಪ್ಲಾಸ್ಟಿಕ್ ಕೋಶಕ್ಕೆ ತನ್ನ ಹುಟ್ಟುಗುಣವೇ ಮರೆತುಹೋಗಿರುತ್ತದೆ, ಅದು ಅಯೋಡಿನ್ ಮುಟ್ಟುವುದಿಲ್ಲ. ಅಲ್ಲಿಂದಾಚೆಗೆ ನಿನ್ನ ಸಣ್ಣ ಅಣುಗಳ ಕೆಲಸ. ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನಿಗೆ ಅದರ ಅಳತೆ ನೋಡಿದರೇ ಸಂತೋಷ. ಪ್ರತಿಕಾಯದ ಔಷಧಗಳ ಅಣುತೂಕ ಒಂದೂವರೆ ಲಕ್ಷದ ಆಸುಪಾಸು. ಸಣ್ಣ ಅಣುಗಳ ಔಷಧಗಳಲ್ಲಿ ಸೊರಾಫೆನಿಬ್ ಬರೀ 465, ಲೆನ್ವಾಟಿನಿಬ್ 427. ಅಷ್ಟು ಚಿಕ್ಕದಾದ್ದರಿಂದಲೇ ಅಂಥ ಅಣು ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಕೋಶದ ಪೊರೆ ದಾಟಿ ಒಳಗೆ ಹೋಗಿ ಬೆಳೆಯುವ ಆಜ್ಞೆ ಸಾಗಿಸುವ ಕೈನೇಸ್ ಎಂಬ ಕಿಣ್ವದ ಸಂದಿಯಲ್ಲಿ ಕೂರುತ್ತದೆ. ಮನೆಯಲ್ಲೇ ಕುಳಿತು ನುಂಗಬಹುದಾದ ಔಷಧ.

ಬ್ರಾಫ್ ಎಂಬ ಪ್ರೋಟೀನಿನ 600ನೇ ಜಾಗದಲ್ಲಿ ವ್ಯಾಲಿನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದು ಕೂತರೆ, ಬೆಳೆ ಬೆಳೆ ಎಂಬ ಆಜ್ಞೆ ನಿಲ್ಲುವುದೇ ಇಲ್ಲ. ಅದಕ್ಕೆ ಡಾಬ್ರಾಫೆನಿಬ್. ಒಂದು ಕಡೆ ತಡೆದರೆ ಕೋಶ ಇನ್ನೊಂದು ದಾರಿ ಹುಡುಕುತ್ತದೆಂದು, ಆ ಆಜ್ಞೆ ಸಾಗುವ ದಾರಿಯಲ್ಲಿ ಇನ್ನೂ ಕೆಳಗೆ ಟ್ರಮೆಟಿನಿಬ್. ನಮ್ಮ ತೋಡಿಗೆ ಮೇಲೊಂದು, ಕೆಳಗೊಂದು ಕಟ್ಟ ಹಾಕಿದ ಹಾಗೆ. ಆ ಬದಲಾವಣೆ ಇರುವ ಅನಾಪ್ಲಾಸ್ಟಿಕ್ ಕ್ಯಾನ್ಸರಿಗೆ ಈ ಜೋಡಿ ಕೊಡಲು ಅಮೆರಿಕದಲ್ಲಿ 2018ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ವರದಿಯ 16 ಮಂದಿಯಲ್ಲಿ 11 ಮಂದಿಯ ಗಡ್ಡೆ ಕುಗ್ಗಿತ್ತು. ಮುಂದೆ 36 ಮಂದಿಯ ಲೆಕ್ಕ ಬಂದಾಗ, ಬದುಕಿದ ಅವಧಿಯ ಮಧ್ಯಾಂಕ 14.5 ತಿಂಗಳು. ಗೆದ್ದೆವು ಎನ್ನುವ ಲೆಕ್ಕ ಅಲ್ಲ ಅದು, ಆ ಬದಲಾವಣೆ ಇದ್ದವರಿಗೆ ಮಾತ್ರ ಬೇರೆ. ಆದರೆ ಅಕ್ಕನಿಗೆ ಸಿಕ್ಕಿದ್ದು ಎರಡು ತಿಂಗಳು, ಪುಳ್ಳೀ. ಒಂದು ವರ್ಷ ಹೆಚ್ಚು ಸಿಕ್ಕಿದ್ದರೆ ನಿನ್ನ ಅಮ್ಮನ ಮದುವೆ ನೋಡುತ್ತಿದ್ದಳು.

ಬೆಲೆಯ ಮಾತು ಲ್ಯಾಬಿನಲ್ಲಿ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಸೊರಾಫೆನಿಬ್ ನಮ್ಮಲ್ಲಿಗೆ ಮೊದಲು ಬಂದದ್ದು ಕಿಡ್ನಿ, ಲಿವರ್ ಕ್ಯಾನ್ಸರಿನ ಔಷಧವಾಗಿ. ಆಗ ಬೇಯರ್ ಕಂಪೆನಿಯ ಬೆಲೆ ತಿಂಗಳಿಗೆ 2,80,428 ರೂಪಾಯಿ ಇತ್ತು. 2012ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೊಗೆ, ಬೇಯರ್ ಒಪ್ಪದಿದ್ದರೂ ಅದನ್ನು ತಯಾರಿಸಲು, ಕಡ್ಡಾಯ ಪರವಾನಗಿ ಕೊಟ್ಟಿತು, ದೇಶದಲ್ಲಿ ಅದೇ ಮೊದಲನೆಯದು. ತಿಂಗಳಿಗೆ ಬೇಕಾದ ಅದೇ 120 ಮಾತ್ರೆಗೆ ಆಗ 8,880 ರೂಪಾಯಿ! ಮುಂದಿನ ವರ್ಷ ಅದೇ ಅಣುವಿಗೆ ಅಮೆರಿಕದಲ್ಲಿ, ಅಯೋಡಿನ್ನಿಗೆ ಬಗ್ಗದ ಥೈರಾಯ್ಡ್ ಕ್ಯಾನ್ಸರಿಗೂ ಒಪ್ಪಿಗೆಯಾಯಿತು. ಸುಳ್ಯದ ಕಡೆ ಹಳದಿರೋಗದಲ್ಲಿ ಅಡಿಕೆ ತೋಟ ಕಳಕೊಂಡವರನ್ನು ನೀನು ನೋಡಿದ್ದೀಯ. ಆ ಎರಡು ಬೆಲೆಗಳ ನಡುವಿನ ಅಂತರ ಅವರಿಗೆ ಏನೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದು. ಸೊರಾಫೆನಿಬ್ ಮಾತ್ರೆ ತೆಗೆದುಕೊಂಡ ಹಲವರಿಗೆ ಅಂಗೈ ಅಂಗಾಲು ಕೆಂಪಾಗಿ, ಗುಳ್ಳೆ ಎದ್ದು, ಚರ್ಮ ಸುಲಿಯುತ್ತದೆ. ಪುಸ್ತಕದಲ್ಲಿ ಅದು ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಒಂದು ಸಾಲು. ದಿನವಿಡೀ ಅಡಿಕೆ ಸುಲಿದು ಮನೆ ನಡೆಸುವ ಹೆಂಗಸಿಗೆ ಅದೇ ಔಷಧ ಬಿಡಲು ಕಾರಣವಾದೀತು. ನಿನ್ನ ಅಣುವಿನ ಗುಣದೋಷ ಬರೆಯುವಾಗ ಆ ಕೈ ನೆನಪಿರಲಿ.

ಲೆನ್ವಾಟಿನಿಬ್ ಕ್ಯಾಪ್ಸೂಲನ್ನು ನುಂಗಲಾಗದವರಿಗೆ ಚಮಚದಷ್ಟು ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಕಲಕಿ ಕೊಡಬಹುದಂತೆ. ಅದನ್ನು ಓದಿದಾಗ ನನಗೆ ಜೀಪಿನಲ್ಲಿದ್ದ ಆ ಚಮಚವೇ ಕಣ್ಣಿಗೆ ಬಂತು. ಯಾರೋ ಒಬ್ಬರು ಗಂಟಲು ಕಟ್ಟಿದವರನ್ನು ನೆನೆದೇ ಆ ಸಾಲು ಬರೆದಿರಬೇಕು. ನೀನು ಮಾಡುವ ಅಣುವೂ ನೀರಿನಲ್ಲಿ ಕರಗುವ ಹಾಗಿರಲಿ ಮಗಾ, ಚಮಚದಲ್ಲಿ ಕೊಡುವ ಹಾಗಿರಲಿ.

ನಿನ್ನ
ಪುತ್ತೂರಿನ ಅಜ್ಜ