ಕುಂಪಣಿಯೂ ಸರ್ಕಾರದ ಕಂಪನಿಯೂ

ಲಾವಣಿಗಳಲ್ಲಿ ಬರುವ ‘ಕುಂಪಣಿ’ ಎಂಬ ಪದವು ಅನ್ಯದೇಶ್ಯವೆಂದು ಹೇಳಿ ನಾವು ಪಂಡಿತರು ಪಾಠವನ್ನು ಮುಂದುವರಿಸುವುದು ವಾಡಿಕೆ. ಆದರೆ ಆ ಶಬ್ದದ ಅರ್ಥವು ಅಷ್ಟಕ್ಕೇ ಮುಗಿಯುವುದಿಲ್ಲ. ಇಂಗ್ಲಿಷಿನಲ್ಲಿ ವರ್ತಕರ ಕೂಟಕ್ಕೂ ಸೈನ್ಯದ ಒಂದು ತುಕಡಿಗೂ ಅದೊಂದೇ ಹೆಸರು. ಈ ಎರಡರ್ಥಗಳೂ ಒಂದೇ ಮೈಯಲ್ಲಿ ಸೇರಿದರೆ ಏನಾಗುವುದೆಂಬುದನ್ನು ನಮ್ಮ ನಾಡು ಅನುಭವಿಸಿಯೇ ಅರಿತಿದೆ.

1799ರಲ್ಲಿ ಟಿಪ್ಪುವಿನ ಪತನಾನಂತರ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಒಪ್ಪಂದವಾಯಿತು. ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೈನ್ಯದಿಂದ ಮೈಸೂರನ್ನು ಕಾಯತಕ್ಕದ್ದು. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಾಹಗಳನ್ನು ಸಲ್ಲಿಸತಕ್ಕದ್ದು. ಹಣ ಕೊಟ್ಟು ಕಾವಲನ್ನು ಕೊಂಡಂತಾಯಿತು. ಆ ಒಪ್ಪಂದದ ಷರತ್ತುಗಳನ್ನೇ ಮುಂದಿಟ್ಟು 1831ರಲ್ಲಿ ಕಂಪನಿಯು ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಅರಸುಮನೆತನಕ್ಕೆ ಅದು ಮರಳಿದ್ದು 1881ರಲ್ಲಿ, ಕಂಪನಿಯ ಆಳ್ವಿಕೆಯೇ ಅಳಿದ ಮೇಲೆ!

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ನೋಡಬೇಕು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಯುದ್ಧದ ಒತ್ತಡದಿಂದ 1942ರಲ್ಲಿ ಅದರ ಆಡಳಿತವು ಭಾರತ ಸರ್ಕಾರದ ವಶವಾಯಿತು. 1964ರಲ್ಲಿ ಇಂದಿನ ಎಚ್.ಎ.ಎಲ್. ರೂಪುಗೊಂಡಿತು. ಹೊಸ ವಿಮಾನವು ಆಕಾಶಕ್ಕೇರಿದಾಗ ಪತ್ರಿಕೆಗಳು ಕೊಂಡಾಡುತ್ತವೆ. ಹಾರಿ ಬಳಲಿದ ವಿಮಾನವನ್ನು ಬಿಚ್ಚಿ, ಬಿಡಿಭಾಗಗಳನ್ನು ಪರೀಕ್ಷಿಸಿ, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸಿ ವಾಯುಪಡೆಗೆ ಒಪ್ಪಿಸುವ ಓವರ್‌ಹಾಲ್ ಕೆಲಸವನ್ನು ಮಾತ್ರ ಯಾರೂ ಹಾಡುವುದಿಲ್ಲ. ಒಂದು ಬೋಲ್ಟು ಸಡಿಲವಾದರೆ ಒಬ್ಬ ಪೈಲಟ್ಟಿನ ಪ್ರಾಣವೇ ಹೋದೀತು. ಕಾಯಕವೆಂಬ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತೋರದು.

ಇಂತಹ ಸಂಸ್ಥೆಯ ಷೇರುಗಳು 2018ರಲ್ಲಿ ಪೇಟೆಗೆ ಬಂದವು. ಬಹುಪಾಲು ಒಡೆತನವನ್ನು ಸರ್ಕಾರವು ಉಳಿಸಿಕೊಂಡಿತೆಂಬುದು ನಿಜ. ಆದರೂ ಲಾಭಾಂಶವನ್ನು ಎದುರುನೋಡುವ ಷೇರುದಾರನಿಗೂ ಸುರಕ್ಷಿತ ವಿಮಾನವನ್ನು ಎದುರುನೋಡುವ ಪೈಲಟ್ಟಿಗೂ ಏಕಕಾಲದಲ್ಲಿ ಉತ್ತರ ಹೇಳುವುದು ಸುಲಭವಲ್ಲ. ಮಹಾಲೇಖಪಾಲರ ತಪಾಸಣೆಯೂ ಸಂಸತ್ತಿನ ಪ್ರಶ್ನೆಗಳೂ ಬಿಗಿಯಾಗಿರುವವರೆಗೆ ಮಾತ್ರ ‘ಸರ್ಕಾರದ’ ಎಂಬ ವಿಶೇಷಣಕ್ಕೆ ಅರ್ಥವಿದೆಯೆಂದು ನನ್ನ ಮತ.

ಕಲ್ಕತ್ತೆಯ ಬಳಿ ಕಾಶಿಪುರದಲ್ಲಿ ಕುಂಪಣಿಯವರೇ 1801ರಲ್ಲಿ ಫಿರಂಗಿಬಂಡಿಗಳ ಕಾರ್ಖಾನೆಯನ್ನು ತೆರೆದಿದ್ದರು. ಭಾರತದ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ಅದೇ ಹಿರಿಯದು. ಕುಂಪಣಿಯಿಂದ ಬ್ರಿಟಿಷ್ ಪ್ರಭುತ್ವಕ್ಕೆ, ಅಲ್ಲಿಂದ ಸ್ವತಂತ್ರ ಭಾರತದ ಇಲಾಖೆಗೆ ಬಂದ ಆ ಕಾರ್ಖಾನೆಯು 2021ರ ಅಕ್ಟೋಬರ್ 1ರಂದು ಮರಳಿ ಕಂಪನಿಯ ಪಾಲಾಯಿತು. ಅಂದು 41 ಕಾರ್ಖಾನೆಗಳನ್ನು 7 ಕಂಪನಿಗಳಿಗೆ ಹಂಚಲಾಯಿತು. ಏಳೂ ಸಂಪೂರ್ಣವಾಗಿ ಸರ್ಕಾರದವೇ. ಕಾರ್ಮಿಕ ಸಂಘಗಳು ವಿರೋಧಿಸಿದವು. ಮುಷ್ಕರವನ್ನು ತಡೆಯಲು ಒಂದು ವರ್ಷದ ಅವಧಿಗೆ ಕಾಯಿದೆಯೇ ಬಂದಿತು. ಸರ್ಕಾರಿ ನೌಕರರೆಂದು ಸೇರಿದ್ದವರನ್ನು ಕಂಪನಿಗಳಿಗೆ ಡೆಪ್ಯುಟೇಷನ್ ಮೇಲೆ ಕಳುಹಿಸಲಾಯಿತು, ಮೊದಲಿಗೆ ಎರಡು ವರ್ಷಗಳ ಮಟ್ಟಿಗೆ.