ಆಡುಗಳ ಕ್ಷೇಮವೂ ನೆರೆಯವನ ಕ್ಷೇಮವೂ



ಜ್ಞಾನೋಕ್ತಿಗಳ 27ನೆಯ ಅಧ್ಯಾಯದ ಕೊನೆಯ ಐದು ವಚನಗಳನ್ನು ಮೊದಲು ಓದಿರಿ. ಮಂದೆಯುಳ್ಳವನು ಅದರ ಸ್ಥಿತಿಗತಿಯನ್ನು ಅರಿತಿರಬೇಕೆಂದು ಜ್ಞಾನಿಯು ಅಲ್ಲಿ ಬೋಧಿಸುತ್ತಾನೆ. ಸಂಜೆಯಲ್ಲಿ ಹಟ್ಟಿಯ ಬಾಗಿಲಲ್ಲಿ ನಿಂತು ತಲೆಗಳನ್ನು ಎಣಿಸುವದು ನಮಗೆಲ್ಲರಿಗೂ ಅಭ್ಯಾಸವಾಗಿದೆ. ಒಂದೊಂದನ್ನು ಲಕ್ಷ್ಯವಿಟ್ಟು ನೋಡುವವರು ಕೆಲವರೇ. ಆದರೆ ಮಂದೆಯು ನಮ್ಮದಲ್ಲ, ದೇವರದು. ನಾವು ಅದರ ಮನೆವಾರ್ತೆಯವರು.

1. ದಿನಾಲು ನೋಡತಕ್ಕದ್ದು

ಕ್ಷೇಮವಾಗಿರುವ ಆಡು ಚುರುಕಾಗಿ ಮೇಯುವದು, ಮಲಗಿ ಮೆಲುಕು ಹಾಕುವದು. ಅದರ ಹಿಕ್ಕೆಯು ಗುಂಡಗಾಗಿಯೂ ಗಟ್ಟಿಯಾಗಿಯೂ ಇರುವದು. ಅದರ ಮೈಯ ಕಾವು ಫಾರೆನ್‌ಹೈಟ್ ಲೆಕ್ಕದಲ್ಲಿ ಸುಮಾರು 101.5ರಿಂದ 103.5 ಡಿಗ್ರಿ. ಮಂದೆಗೆ ಹಿಂದಾಗಿ ಬರುವ, ತಲೆ ತಗ್ಗಿಸಿ ಒಂಟಿಯಾಗಿ ನಿಲ್ಲುವ ಆಡು ಮಾತಿಲ್ಲದೆ ತನ್ನ ಬೇನೆಯನ್ನು ಹೇಳುತ್ತದೆ.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಒಳಗಿನ ಬಣ್ಣವನ್ನು ನೋಡಿರಿ. ಕೆಂಪಾಗಿದ್ದರೆ ಒಳ್ಳೇದು. ಬಿಳುಪೇರಿದ್ದರೆ, ಇಲ್ಲವೆ ಗದ್ದದ ಕೆಳಗೆ ನೀರುಬಾವು ಕಂಡರೆ, ಹೊಟ್ಟೆಯಲ್ಲಿ ರಕ್ತ ಹೀರುವ ಹುಳುಗಳಿವೆಯೆಂದು ಸಂಶಯಪಡಬೇಕು. ಈ ಹುಳುಗಳ ಮರಿಗಳು ತೇವವಾದ ಹುಲ್ಲಿನ ಬುಡದಲ್ಲಿ ಇರುತ್ತವೆ. ಆದಕಾರಣ ಇಬ್ಬನಿ ಆರಿದ ಮೇಲೆಯೇ ಮೇಯಲು ಬಿಡಿರಿ. ಹುಳುವಿನ ಔಷಧವನ್ನು ಆಡಿನ ತೂಕಕ್ಕೆ ತಕ್ಕಷ್ಟು ಕೊಡತಕ್ಕದ್ದು. ಉಳಿತಾಯಕ್ಕಾಗಿ ಅರ್ಧ ಕೊಟ್ಟರೆ ಬಲವುಳ್ಳ ಹುಳುಗಳು ಉಳಿದು ಹೆಚ್ಚುವವು. ಗಬ್ಬದ ಆಡಿಗೆ ಪಶುವೈದ್ಯರನ್ನು ಕೇಳದೆ ಏನನ್ನೂ ಕೊಡಬೇಡಿರಿ.

2. ಮುಂಚಿತವಾಗಿ ಮಾಡತಕ್ಕದ್ದು

ಹಟ್ಟಿಯು ಒಣಗಿರಲಿ, ಗಾಳಿ ಆಡಲಿ. ಮರಿ ಹುಟ್ಟಿದ ಕೂಡಲೆ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿರಿ. ಒಂದು ತಾಸಿನೊಳಗೆ ಗಿಣ್ಣುಹಾಲು ಕುಡಿಸಿರಿ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವವರು ಮರಿಯ ರಕ್ಷಣೆಯನ್ನೇ ಚೆಲ್ಲುತ್ತಾರೆ. ಯಾಕಂದರೆ ರೋಗವನ್ನು ತಡೆಯುವ ಶಕ್ತಿಯು ತಾಯಿಯಿಂದ ಮರಿಗೆ ಆ ಹಾಲಿನಲ್ಲಿಯೇ ಬರುತ್ತದೆ.

ಪಿ.ಪಿ.ಆರ್. ಎಂಬ ಆಡಿನ ಪ್ಲೇಗು 1942ರಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. 1987ರಲ್ಲಿ ತಮಿಳುನಾಡಿನಲ್ಲಿ ಕಂಡುಬಂತು. ಜ್ವರ, ಕಣ್ಣು ಮೂಗುಗಳ ಸೋರಿಕೆ, ಬಾಯಿಹುಣ್ಣು, ಕೆಮ್ಮು, ಭೇದಿ ಇವು ಅದರ ಲಕ್ಷಣಗಳು. ಇದು ಮನುಷ್ಯರಿಗೆ ಅಂಟುವದಿಲ್ಲ. ಇದನ್ನು ಗುಣಪಡಿಸುವ ನೇರವಾದ ಔಷಧವೂ ಇಲ್ಲ. ಆದರೆ ಇದನ್ನು ತಡೆಯುವ ಲಸಿಕೆ ಇದೆ. ಅದನ್ನು ಮರಿಗಳಿಗೆ ಮೂರು ನಾಲ್ಕು ತಿಂಗಳಾದ ಮೇಲೆ ಹಾಕಿಸಬೇಕು. ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುವದು. ಕರುಳುಬೇನೆಯ ಲಸಿಕೆಯನ್ನಾದರೋ ಪ್ರತಿ ವರ್ಷ ಮುಂಗಾರಿಗೆ ಮೊದಲು ಹಾಕಿಸಬೇಕು.

ಪ್ರಾರ್ಥನೆ ಇರುವಾಗ ಸೂಜಿ ಯಾಕೆ ಎಂದು ಕೆಲವರು ಕೇಳುತ್ತಾರೆ. ನೋಹನು ಮಳೆ ಬರುವದಕ್ಕೆ ಮೊದಲೇ ನಾವೆಯನ್ನು ಕಟ್ಟಿದನು. ಅದು ಅವಿಶ್ವಾಸವಾಗಿತ್ತೋ?

3. ಬೇನೆ ಬಂದಾಗ ಮಾಡತಕ್ಕದ್ದು

ನಾನು ಉಪದೇಶಿಯಾಗಿದ್ದ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಒಬ್ಬ ಸಹೋದರನ ಮಂದೆಯಲ್ಲಿ ಎರಡು ಆಡುಗಳಿಗೆ ಮೂಗು ಸೋರತೊಡಗಿತು. ಎಲ್ಲವೂ ಸತ್ತಾವೆಂದು ಹೆದರಿ ಅವನು ಇನ್ನೂ ಚೆನ್ನಾಗಿ ಕಾಣುತ್ತಿದ್ದ ನಾಲ್ಕನ್ನು ಸಂತೆಗೆ ಹೊಡೆದುಕೊಂಡು ಹೋಗಿ, ಬೇನೆಯ ಮಾತೆತ್ತದೆ ಮಾರಿದನು. ಕೊಂಡವಳು ಪಕ್ಕದ ಊರಿನ ಒಬ್ಬ ವಿಧವೆ. ಅವಳು ಅದೇ ಸಂಜೆ ಅವುಗಳನ್ನು ತನ್ನ ಒಂಬತ್ತು ಆಡುಗಳೊಂದಿಗೆ ಕೂಡಿಸಿದಳು. ತಿಂಗಳೊಳಗೆ ಹದಿಮೂರರಲ್ಲಿ ಮೂರು ಉಳಿದವು. ಆ ಸುದ್ದಿ ತಿಳಿದ ಭಾನುವಾರ ಅವನು ಕರ್ತನ ಭೋಜನಕ್ಕೆ ಏಳಲಿಲ್ಲ. ಆರಾಧನೆಯಾದ ಮೇಲೆ ನನ್ನ ಬಳಿಗೆ ಬಂದು, "ಅಯ್ಯನವರೇ, ನಾನು ಕಳ್ಳತನ ಮಾಡಿದೆನೋ?" ಎಂದು ಕೇಳಿದನು. ನಾನು ಉತ್ತರ ಕೊಡಲಿಲ್ಲ. ಅವನಿಗೆ ಉತ್ತರ ಗೊತ್ತಿತ್ತು. ನಾವಿಬ್ಬರೂ ಅವಳ ಮನೆಗೆ ನಡೆದು ಹೋದೆವು. ಹಣವನ್ನು ಅವನು ಅಂದೇ ಹಿಂದಕ್ಕೆ ಕೊಟ್ಟನು. ಮುಂದಿನ ವರ್ಷ ತನ್ನಲ್ಲಿ ಹುಟ್ಟಿದ ಎರಡು ಹೆಣ್ಣುಮರಿಗಳಿಗೆ ಲಸಿಕೆ ಹಾಕಿಸಿ ಅವಳ ಹಟ್ಟಿಗೆ ಬಿಟ್ಟನು.

ಆದದರಿಂದ ಬೇನೆಯಾದ ಆಡನ್ನು ಕೂಡಲೆ ಬೇರ್ಪಡಿಸಿರಿ. ಅದಕ್ಕೆ ನೀರಿನ ಪಾತ್ರೆಯೂ ಬೇರೆ ಇರಲಿ. ಆ ಮಂದೆಯಿಂದ ಒಂದನ್ನಾದರೂ ಮಾರಬೇಡಿರಿ. ಪಶುವೈದ್ಯರಿಗೆ ತಿಳಿಸಿ, ನೆರೆಯವರಿಗೂ ಹೇಳಿರಿ. ಸಂತೆಯಿಂದ ತಂದ ಆಡನ್ನು ಮೂರು ವಾರ ಪ್ರತ್ಯೇಕವಾಗಿ ಕಟ್ಟಿರಿ. ಫಕ್ಕನೆ ಸತ್ತು ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ರಕ್ತ ಸುರಿದರೆ ಅದು ನೆರಡಿಯಾಗಿರಬಹುದು. ಅಂಥ ಹೆಣವನ್ನು ಕೊಯ್ಯಬೇಡಿರಿ, ಸುಲಿಯಬೇಡಿರಿ, ತಿನ್ನಬೇಡಿರಿ; ಅದು ಮನುಷ್ಯರನ್ನೂ ಕೊಲ್ಲುವದು. ವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ಆಳವಾಗಿ ಹೂಳಿರಿ. ಹಾಲನ್ನು ಯಾವಾಗಲೂ ಕಾಯಿಸಿಯೇ ಕುಡಿಯಿರಿ.

ಮನೆಯ ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ನಿಮ್ಮ ಮಂದೆಯಲ್ಲಿ ಈ ಹೊತ್ತು ಹಿಂದೆ ಉಳಿದ ಆಡು ಯಾವದು?
2. ಗಿಣ್ಣುಹಾಲನ್ನು ಯಾಕೆ ಚೆಲ್ಲಬಾರದು?
3. ಬೇನೆಯನ್ನು ಮುಚ್ಚಿಟ್ಟು ಮಾರುವವನು ಹತ್ತು ಆಜ್ಞೆಗಳಲ್ಲಿ ಯಾವವುಗಳನ್ನು ಮೀರುತ್ತಾನೆ?