ಮೈಯೆತ್ತಲು ಅಡ್ಡಕಂಬಿ ಬೇಕೆ?

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿರುವ ಕುಂಸಿಯಂತಹ ಊರುಗಳಲ್ಲಿ, ಸೇನೆಯನ್ನು ಸೇರುವ ಹಂಬಲದಿಂದ ಬೆಳಗಿನ ಜಾವವೇ ಎದ್ದು ಓಡುವ ತರುಣರನ್ನು ನಾವು ಕಾಣುತ್ತೇವೆ. ಓಡಲು ರಸ್ತೆಯಿದೆ, ದಂಡ ಹೊಡೆಯಲು ಅಂಗಳವಿದೆ. ಆದರೆ ಸೇನಾಭರ್ತಿಯ ದೈಹಿಕ ಪರೀಕ್ಷೆಯಲ್ಲಿ ಅಡ್ಡಕಂಬಿಯನ್ನು ಹಿಡಿದು ಮೈಯನ್ನು ಮೇಲೆತ್ತುವುದೂ ಒಂದು ಅಂಗ. ಕಂಬಿಯಿಲ್ಲದ ಮನೆಯಲ್ಲಿ ಇದಕ್ಕೆ ಸಿದ್ಧರಾಗುವುದು ಹೇಗೆ? ಕೇವಲ ಆರೋಗ್ಯವನ್ನು ಬಯಸುವವರಿಗೂ ಕಂಬಿ ಅನಿವಾರ್ಯವೆ? ತರಗತಿಯಲ್ಲಿ ಕಲಿತ ಬಲವಿಜ್ಞಾನದಿಂದಲೇ ಇದನ್ನು ಪರಿಶೀಲಿಸೋಣ.

ಸ್ನಾಯುವು ಸಂಕೋಚಿಸಿ ಎಲುಬನ್ನು ಎಳೆಯಬಲ್ಲುದೇ ಹೊರತು ತಳ್ಳಲಾರದು. ಆದ್ದರಿಂದ ಕೀಲುಗಳಲ್ಲಿ ಪರಸ್ಪರ ಎದುರಾಗಿ ದುಡಿಯುವ ಸ್ನಾಯುಗಳಿರುತ್ತವೆ. ತೋಳಿನ ಮುಂಭಾಗದ ಸ್ನಾಯು ಮೊಣಕೈಯನ್ನು ಮಡಿಸುತ್ತದೆ. ಹಿಂಭಾಗದ್ದು ಅದನ್ನು ಚಾಚುತ್ತದೆ. ದಂಡ ಹೊಡೆಯುವಾಗ ನಾವು ನೆಲವನ್ನು ಒತ್ತುವುದರಿಂದ ಎದೆಗೂ ತೋಳಿನ ಹಿಂಭಾಗಕ್ಕೂ ಹೆಚ್ಚಿನ ದುಡಿಮೆ. ಬೆನ್ನಿನ ಅಗಲವಾದ ಸ್ನಾಯುಗಳೂ ತೋಳಿನ ಮುಂಭಾಗವೂ ದುಡಿಯಬೇಕಾದರೆ ಏನನ್ನಾದರೂ ನಮ್ಮ ಕಡೆಗೆ ಎಳೆಯಬೇಕು. ನೆಲವನ್ನು ಒತ್ತಬಹುದು, ಎಳೆಯಲಾಗದು. ಸಮಸ್ಯೆಯ ತಿರುಳು ಇದೇ. ಮಲ್ಲಗಂಬವನ್ನೋ ಹಗ್ಗವನ್ನೋ ಹತ್ತುವವನಿಗೆ ಈ ಕೊರತೆಯಿಲ್ಲ.

ಹಾಗಾದರೆ ಬಾವಿಯಿಂದ ನೀರು ಸೇದಿದರೆ ಸಾಲದೆ? ರಾಟೆಯ ಹಗ್ಗವನ್ನೂ ಮೇಲಿನಿಂದ ಎದೆಯ ಕಡೆಗೇ ಎಳೆಯುತ್ತೇವಲ್ಲ! ಲೆಕ್ಕ ಹಾಕೋಣ. 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯು ಕಂಬಿಯಲ್ಲಿ ಒಮ್ಮೆ ಅರ್ಧ ಮೀಟರು ಮೇಲೇರಿದರೆ ಆಗುವ ಕೆಲಸ 50 × 9.8 × 0.5, ಅಂದರೆ 245 ಜೂಲ್. ನೀರೂ ಕೊಡವೂ ಸೇರಿ 10 ಕಿಲೋಗ್ರಾಂ ಇದ್ದು, ಅದನ್ನು 10 ಮೀಟರು ಮೇಲಕ್ಕೆ ಸೇದಿದರೆ 980 ಜೂಲ್. ಒಂದು ಕೊಡ ನೀರು ನಾಲ್ಕು ಬಾರಿ ಮೈಯೆತ್ತಿದ್ದಕ್ಕೆ ಸಮವಾಯಿತು! ಆದರೆ ಕಂಬಿಯಲ್ಲಿ ಬೇಕಾದ ಬಲ ಸುಮಾರು 490 ನ್ಯೂಟನ್; ರಾಟೆಯ ಘರ್ಷಣೆಯನ್ನು ಬಿಟ್ಟರೆ ಹಗ್ಗದಲ್ಲಿ 98 ನ್ಯೂಟನ್ ಮಾತ್ರ. ಕೆಲಸ ಸಮವಾದರೂ ಬಲ ಐದನೆಯ ಒಂದು ಪಾಲು. ಅಲ್ಪಬಲದ ದೀರ್ಘ ದುಡಿಮೆಯಿಂದ ತಾಳಿಕೆ ಬೆಳೆಯುತ್ತದೆ. ಹೆಚ್ಚಿನ ಶಕ್ತಿಗೆ ಹೆಚ್ಚಿನ ಬಲವನ್ನೇ ಎದುರಿಸಬೇಕು.

ಅದಕ್ಕೆ ಮನೆಯ ಜಗುಲಿಯ ಕಂಬವೇ ಸಾಕು. ಗಟ್ಟಿಯಾದ ಪಂಚೆಯನ್ನು ಕಂಬಕ್ಕೆ ಬಳಸಿ, ಎರಡು ತುದಿಗಳನ್ನೂ ಹಿಡಿದು, ಪಾದಗಳನ್ನು ಕಂಬದ ಬುಡಕ್ಕೆ ಒತ್ತಿ, ಮೈಯನ್ನು ನೆಟ್ಟಗಿರಿಸಿ ಹಿಂದಕ್ಕೆ ಬಾಗಬೇಕು. ಅನಂತರ ಕೈಗಳನ್ನು ಮಡಿಸಿ ಎದೆಯನ್ನು ಕಂಬದ ಕಡೆಗೆ ತರಬೇಕು. ನಮ್ಮ ವಿದ್ಯಾರ್ಥಿಯ ಗುರುತ್ವಕೇಂದ್ರ ಹಿಮ್ಮಡಿಯಿಂದ 90 ಸೆಂಟಿಮೀಟರು, ಭುಜ 135 ಸೆಂಟಿಮೀಟರು ದೂರದಲ್ಲಿದೆಯೆಂದೂ ಪಂಚೆಯು ಭುಜದ ಮಟ್ಟದಲ್ಲಿ ನೆಲಕ್ಕೆ ಸಮಾನಾಂತರವಾಗಿದೆಯೆಂದೂ ಇಟ್ಟುಕೊಳ್ಳೋಣ. ಹಿಮ್ಮಡಿಯ ಸುತ್ತ ಭ್ರಾಮಕಗಳನ್ನು ಸರಿದೂಗಿಸಿದರೆ, ಮೈ ನೆಲದೊಡನೆ 60 ಡಿಗ್ರಿ ಕೋನದಲ್ಲಿರುವಾಗ ಕೈಗಳ ಮೇಲೆ ಸುಮಾರು 19 ಕಿಲೋಗ್ರಾಂ ಭಾರವೂ, 45 ಡಿಗ್ರಿಯಲ್ಲಿ 33 ಕಿಲೋಗ್ರಾಂ ಭಾರವೂ ಬೀಳುತ್ತದೆ. ಬಾಗಿದಷ್ಟೂ ಭಾರ ಹೆಚ್ಚು. ಸಾಮಾನ್ಯ ಆರೋಗ್ಯಕ್ಕೆ ಇದು ಧಾರಾಳವಾಯಿತು.

ಪರೀಕ್ಷೆಗೆ ಹೋಗುವವನ ಮಾತು ಬೇರೆ. ಶರೀರವು ಯಾವ ಚಲನೆಯನ್ನು ಅಭ್ಯಾಸ ಮಾಡುವುದೋ ಅದರಲ್ಲಿಯೇ ಹೆಚ್ಚು ನಿಪುಣವಾಗುತ್ತದೆ. ಇಡೀ ಮೈಯನ್ನು ಎತ್ತಬೇಕಾದವನು ಕೊನೆಗೆ ಇಡೀ ಮೈಯನ್ನೇ ಎತ್ತಿ ಕಲಿಯಬೇಕು. ಅವನಿಗೆ ಕಂಬಿಯೋ ಗಟ್ಟಿಮುಟ್ಟಾದ ಮರದ ಕೊಂಬೆಯೋ ಬೇಕೇ ಬೇಕು. ಒಮ್ಮೆಯೂ ಏರಲಾರದವನು ಮಣೆಯ ಮೇಲೆ ನಿಂತು, ಗಲ್ಲವನ್ನು ಕಂಬಿಗಿಂತ ಮೇಲಿರಿಸಿ, ಕಾಲೆತ್ತಿ ಮೆಲ್ಲಮೆಲ್ಲನೆ ಇಳಿಯಲಿ. ಎತ್ತಲಾರದ ಭಾರವನ್ನೂ ಸ್ನಾಯುವು ತಡೆದು ಇಳಿಸಬಲ್ಲುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ತೊಲೆಯೊಂದು 50 ಕಿಲೋಗ್ರಾಮನ್ನು ಹೊತ್ತಿತೆಂದು ಅದರಲ್ಲಿ ಜೀಕಬಾರದು. ಲಂಬರೇಖೆಯಿಂದ 60 ಡಿಗ್ರಿಯಷ್ಟು ತೂಗಿ ಬಂದವನು ತೀರ ಕೆಳಗಿನ ಬಿಂದುವಿನಲ್ಲಿ ತನ್ನ ತೂಕದ ಎರಡರಷ್ಟು ಬಲದಿಂದ ತೊಲೆಯನ್ನು ಜಗ್ಗುತ್ತಾನೆ. ಹಳೆಯ ಹೆಂಚಿನ ಮನೆಯ ಗೆದ್ದಲು ಹಿಡಿದ ತೊಲೆಗೂ ನುಗ್ಗೆಯಂತಹ ಮೆದುಮರದ ಕೊಂಬೆಗೂ ಇದನ್ನು ತಾಳುವ ಶಕ್ತಿಯಿಲ್ಲ.

ಇಷ್ಟರಿಂದ ತಿಳಿಯುವುದೇನೆಂದರೆ, ವ್ಯಾಯಾಮಕ್ಕೆ ಅಗತ್ಯವಾದುದು ಕಂಬಿಯಲ್ಲ. ತಕ್ಕ ದಿಕ್ಕಿನಲ್ಲಿ ತಕ್ಕಷ್ಟು ಬಲ. ನಿಮ್ಮ ತೂಕವನ್ನೂ ಎತ್ತರವನ್ನೂ ಅಳೆದು, ಯಾವ ಕೋನದಲ್ಲಿ ಎಷ್ಟು ಭಾರ ಬೀಳುವುದೆಂದು ಲೆಕ್ಕ ಹಾಕಿರಿ. ಬಳಿಕ ಕಂಬದ ಬಳಿಗೆ ಹೋಗಿರಿ.